ಹಲ್ಲಿನ ಸೆಟ್ಟಿಗೆ ಗುರುತು: ಪೆನ್ನೋ, ಸ್ಟೀಲ್ ಪಟ್ಟಿಯೋ, ಕ್ಯೂಆರ್ ಕೋಡೋ?

ಹನ್ನೆರಡು ಮಂದಿಯ ಹಲ್ಲಿನ ಸೆಟ್ಟುಗಳನ್ನು ತೊಳೆಯಲೆಂದು ಒಂದೇ ಬೇಸಿನ್ನಿಗೆ ಹಾಕಿದರೆ, ಮತ್ತೆ ಯಾವುದು ಯಾರದ್ದೆಂದು ಬೇರ್ಪಡಿಸುವುದು ಅವನ್ನು ಮಾಡಿಕೊಟ್ಟ ದಂತವೈದ್ಯರಿಗೂ ಕಷ್ಟ. ಅದೇ ಗುಲಾಬಿ ಬಣ್ಣ, ಪೆಟ್ಟಿಗೆಯಿಂದ ತೆಗೆದು ಜೋಡಿಸಿದ ಅದೇ ಅಚ್ಚಿನ ಹಲ್ಲು. ಬಾಯಿಗೆ ಹಾಕಿ ನೋಡಿಯೇ ಹೇಳಬೇಕು. ಇನ್ನೊಬ್ಬರದ್ದನ್ನು ಬಾಯಿಗಿಟ್ಟು ನೋಡಲು ಯಾರಿಗೆ ಮನಸ್ಸು ಬಂದೀತು? ವೃದ್ಧಾಶ್ರಮಗಳಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿ, ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಕೊಡುವ ಕೇರಳ ಸರಕಾರದ ‘ಮಂದಹಾಸಂ’ ಯೋಜನೆಯಲ್ಲಿ ಒಂದೇ ಲ್ಯಾಬಿನಿಂದ ಹತ್ತಾರು ಸೆಟ್ಟು ಒಟ್ಟಿಗೆ ಬರುವಾಗ ಅದಲುಬದಲಾಗುವುದು ಹೀಗೆಯೇ.

ಗುರುತು ಬೇಕಾಗುವ ಇನ್ನೊಂದು ಸಂದರ್ಭ ಇದಕ್ಕಿಂತ ಕಠಿಣ. ರೈಲು ಹಳಿಯ ಪಕ್ಕ, ಕಡಲ ತೀರದಲ್ಲಿ, ಬೆಂಕಿ ಬಿದ್ದ ಮನೆಯಲ್ಲಿ ಸಿಕ್ಕಿದ ದೇಹ ಯಾರದ್ದೆಂದು ತಿಳಿಯದಾಗ ಹಲ್ಲು ದೊಡ್ಡ ಆಧಾರ. ದುರಂತಗಳಲ್ಲಿ ಮೃತರ ಗುರುತು ಹಚ್ಚಲು ಇಂಟರ್‌ಪೋಲ್ ಒಪ್ಪುವ ಮೂರು ಮುಖ್ಯ ದಾರಿಗಳು ಬೆರಳಚ್ಚು, ಹಲ್ಲು ಮತ್ತು ಡಿಎನ್‌ಎ. ಆದರೆ ಪೂರ್ತಿ ಹಲ್ಲು ಹೋದವರಲ್ಲಿ ಹೋಲಿಸಿ ನೋಡಲು ಹಲ್ಲೇ ಇರುವುದಿಲ್ಲ. ಇರುವುದು ಸೆಟ್ಟು ಮಾತ್ರ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈ ವಿಮಾನ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡಾಗ ಅವರಲ್ಲಿ ಕಾಸರಗೋಡಿನವರೂ ಅನೇಕರಿದ್ದರು. ಸುಟ್ಟ ದೇಹಗಳನ್ನು ಗುರುತಿಸಲು ಹೈದರಾಬಾದಿನ ಡಿಎನ್‌ಎ ಪರೀಕ್ಷೆಯವರೆಗೆ ಹೋಗಬೇಕಾಯಿತು.

ಮೊದಲನೆಯ ಸಂದರ್ಭದಲ್ಲಿ ಗುರುತು ಓದುವವರು ಆಶ್ರಮದ ಆಯಾ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಬರಿಗಣ್ಣಿನಿಂದ. ಎರಡನೆಯದರಲ್ಲಿ ಪೊಲೀಸ್ ಸರ್ಜನ್, ಮಸಿ ಒರೆಸಿ, ಭೂತಗನ್ನಡಿ ಹಿಡಿದು. ಇಬ್ಬರಿಗೂ ಒಂದೇ ವಿಧಾನ ಹೊಂದಬೇಕೆಂದಿಲ್ಲ. ನಿಮ್ಮ ಗುರುತನ್ನು ಓದುವವರು ಯಾರು ಎಂಬುದನ್ನು ಮೊದಲು ತೀರ್ಮಾನಿಸಿದರೆ ಮುಂದಿನ ಆಯ್ಕೆ ಅರ್ಧ ಮುಗಿದ ಹಾಗೆ.

ಗುರುತೇ ಇಲ್ಲದಿದ್ದರೆ ಏನಾಗುತ್ತದೆ

1949ರಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಹೇಗ್ ಎಂಬಾತ ಆಲಿವ್ ಡುರಾಂಡ್-ಡೀಕನ್ ಎಂಬ ಮಹಿಳೆಯನ್ನು ಕೊಂದು ದೇಹವನ್ನು ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದ. ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸೆಟ್ಟು ಕರಗಲಿಲ್ಲ. ಆಕೆಯ ದಂತವೈದ್ಯೆ ಅದನ್ನು ತನ್ನ ಕೆಲಸವೆಂದು ಗುರುತಿಸಿದರು, ಹೇಗ್ ಗಲ್ಲಿಗೇರಿದ. ಅಲ್ಲಿ ಪೊಲೀಸರಿಗೆ ಕಾಣೆಯಾದವರು ಯಾರೆಂದು ಮೊದಲೇ ಗೊತ್ತಿತ್ತು, ಹಾಗಾಗಿ ಯಾವ ವೈದ್ಯರನ್ನು ಕೇಳಬೇಕೆಂದೂ ಗೊತ್ತಿತ್ತು. ಕೇರಳ-ಕರ್ನಾಟಕ ಗಡಿಯ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಹಾಗಿಲ್ಲ. ಮಂಜೇಶ್ವರದ ಒಬ್ಬರು ಹಲ್ಲು ಕಟ್ಟಿಸಿದ್ದು ಮಂಗಳೂರಿನಲ್ಲಿರಬಹುದು, ಕಾಸರಗೋಡಿನಲ್ಲಿ, ಕಾಞಂಗಾಡಿನಲ್ಲಿ, ಪೊಯಿನಾಚಿಯ ದಂತ ಕಾಲೇಜಿನಲ್ಲಿ, ಇಲ್ಲವೇ ಮಗನ ಜೊತೆ ಇದ್ದಾಗ ಮುಂಬಯಿಯಲ್ಲೋ ಶಾರ್ಜಾದಲ್ಲೋ. ಗುರುತಿಲ್ಲದ ಸೆಟ್ಟು ಹಿಡಿದುಕೊಂಡು ಎರಡು ರಾಜ್ಯದ ಕ್ಲಿನಿಕ್ಕುಗಳನ್ನು ಸುತ್ತಲು ಯಾವ ಠಾಣೆಗೂ ಪುರುಸೊತ್ತಿಲ್ಲ.

ಅಮೆರಿಕದ ಹಲವು ರಾಜ್ಯಗಳಲ್ಲಿ ಸೆಟ್ಟಿನ ಮೇಲೆ ಗುರುತು ಹಾಕುವ ಬಗ್ಗೆ ಕಾನೂನೇ ಇದೆ. ನಮ್ಮಲ್ಲಿ ಕಡ್ಡಾಯವಿಲ್ಲ, ಆದ್ದರಿಂದ ಕೇಳಿಯೇ ಹಾಕಿಸಿಕೊಳ್ಳಬೇಕು.

ಪೆನ್ನು ಮತ್ತು ಮೇಲ್ಲೇಪ: ಇವತ್ತೇ ಮಾಡಬಹುದಾದದ್ದು

ಈಗಾಗಲೇ ಬಳಕೆಯಲ್ಲಿರುವ ಸೆಟ್ಟಿಗೆ ಹತ್ತು ನಿಮಿಷದಲ್ಲಿ ಹಾಕಬಹುದಾದ ಗುರುತು ಇದು. ಸೆಟ್ಟನ್ನು ಬ್ರಷ್ಷು ಮತ್ತು ಸಾಬೂನಿನಿಂದ ತೊಳೆದು ಪೂರ್ತಿ ಒಣಗಿಸಿ. ಹಿಂಬದಿಯ ದವಡೆ ಹಲ್ಲಿನ ಕೆಳಗೆ, ಕೆನ್ನೆಯ ಕಡೆ, ಬೆರಳ ತುದಿಯಷ್ಟು ಜಾಗವನ್ನು ನಯವಾದ ಎಮರಿ ಕಾಗದದಿಂದ ಹೊಳಪು ಹೋಗುವಷ್ಟು ಮಾತ್ರ ತಿಕ್ಕಿ. ಸ್ಪಿರಿಟ್ಟಿನಿಂದ ಒರೆಸಿ, ಪರ್ಮನೆಂಟ್ ಮಾರ್ಕರಿನಲ್ಲೋ ಮೆದು ಪೆನ್ಸಿಲಿನಲ್ಲೋ ಬರೆದು, ಒಣಗಿದ ಮೇಲೆ ಪಾರದರ್ಶಕ ಲೇಪವನ್ನು ಎರಡು ಸಲ ತೆಳ್ಳಗೆ ಹಚ್ಚಬೇಕು. ಕ್ಲಿನಿಕ್ಕಿನಲ್ಲಾದರೆ ಬೆಳಕಿನಿಂದ ಗಟ್ಟಿಯಾಗುವ ಗ್ಲೇಜ್ ಎಂಬ ಹೊಳಪಿನ ಲೇಪ ಉತ್ತಮ. ಮೊದಲ ಲೇಪ ಒಣಗದೆ ಎರಡನೆಯದನ್ನು ಹಚ್ಚಿದರೆ ಮಾರ್ಕರಿನ ಶಾಯಿ ಕರಗಿ ಹರಡುತ್ತದೆ. ದಪ್ಪಗೆ ಹಚ್ಚಿದರೆ ಸಿಪ್ಪೆ ಏಳುತ್ತದೆ.

ಎಷ್ಟು ಕಾಲ ನಿಲ್ಲುತ್ತದೆ ಎಂಬುದು ತೊಳೆಯುವ ಕೈಯ ಮೇಲಿದೆ. ಉಮಿಕರಿಯಲ್ಲಿ (ಸುಟ್ಟ ಭತ್ತದ ಹೊಟ್ಟಿನ ಪುಡಿಯಲ್ಲಿ) ತಿಕ್ಕುವ ಅಭ್ಯಾಸ ಬಿಡದವರ ಸೆಟ್ಟಿನಲ್ಲಿ ಲೇಪ ಬಲು ಬೇಗ ಸವೆಯುತ್ತದೆ. ತಾಂಬೂಲ ಹಾಕುವವರಲ್ಲಿ ಇನ್ನೊಂದು ಕಷ್ಟ: ಎಮರಿ ತಿಕ್ಕಿದ ಜಾಗದ ಲೇಪ ಕಿತ್ತ ಕೂಡಲೇ ಅಲ್ಲಿ ಎಲೆಯಡಿಕೆಯ ಕೆಂಪು ಹಿಡಿದು ಅಕ್ಷರ ಮುಚ್ಚಿಹೋಗುತ್ತದೆ. ಆರು ತಿಂಗಳಿಗೊಮ್ಮೆ ನೋಡಿ ಮತ್ತೆ ಬರೆಯುವ ವ್ಯವಸ್ಥೆ ಇರುವ ಆಶ್ರಮಕ್ಕೆ ಇದು ಸಾಕು. ಬೆಂಕಿಗಾಗಲಿ ಕೊಳೆತ ದೇಹಕ್ಕಾಗಲಿ ಇದನ್ನು ನಂಬಬೇಡಿ.

ಕೊರೆದ ಅಕ್ಷರ, ಉಬ್ಬಿದ ಅಕ್ಷರ

ಬರ್‌ನಿಂದ (ದಂತವೈದ್ಯರ ಸಣ್ಣ ಕೊರೆಯುವ ಮೊನೆಯಿಂದ) ಸೆಟ್ಟಿನ ಮೇಲೆ ನೇರವಾಗಿ ಕೊರೆಯುವುದು ಹಳೆಯ ಪದ್ಧತಿ. ಖರ್ಚಿಲ್ಲ, ಮಾಸುವುದೂ ಇಲ್ಲ. ಆದರೆ ಆ ಗೀರುಗಳಲ್ಲಿ ಅನ್ನದ ಅಗಳು, ಪಾಚಿ, ಕ್ಯಾಂಡಿಡಾ ಎಂಬ ಶಿಲೀಂಧ್ರ ಎಲ್ಲವೂ ನೆಲೆಸುತ್ತವೆ. ಮೊದಲೇ ಒಸಡು ಕೆಂಪಾಗಿರುವ ಮಧುಮೇಹಿಗಳಿಗೆ ಇದು ಬೇಡವೇ ಬೇಡ.

ಉಬ್ಬಕ್ಷರದ ವಿಧಾನದಲ್ಲಿ ಪ್ಯಾಕಿಂಗಿಗೆ (ಅಚ್ಚಿಗೆ ಅಕ್ರಿಲಿಕ್ ತುಂಬುವುದಕ್ಕೆ) ಮೊದಲು ಬಾಯಿಯ ಅಳತೆಯ ಪ್ಲಾಸ್ಟರ್ ಮಾಡೆಲ್ಲಿನ ಮೇಲೆ ಗೀರುತ್ತಾರೆ. ಅಕ್ರಿಲಿಕ್ ಆ ಗೀರಿನೊಳಗೆ ಹರಿದು ಸೆಟ್ಟಿನ ಒಳಮುಖದಲ್ಲಿ ಉಬ್ಬಾಗಿ ಮೂಡುತ್ತದೆ. ಇಲ್ಲಿ ಟೆಕ್ನಿಷಿಯನ್ ಮರೆಯುವುದು ಒಂದೇ: ಮೊಹರಿನ ಹಾಗೆ ತಿರುಗಾಮುರುಗಾ ಬರೆಯಬೇಕು. ನೇರ ಬರೆದರೆ ಸೆಟ್ಟಿನಲ್ಲಿ ಕನ್ನಡಿಯ ಅಕ್ಷರ ಬರುತ್ತದೆ. ಉಬ್ಬು ಹೆಚ್ಚಾದರೆ ಒಸಡಿಗೆ ಒತ್ತಿ ಹುಣ್ಣಾಗುತ್ತದೆ, ಹುಣ್ಣಾದಾಗ ವೈದ್ಯರು ಅಕ್ಷರವನ್ನೇ ಉಜ್ಜಿ ತೆಗೆಯುತ್ತಾರೆ. ಇನ್ನು, ಸಡಿಲವಾದ ಸೆಟ್ಟಿಗೆ ರಿಲೈನಿಂಗ್ ಮಾಡಿಸಿದ ದಿನ ಒಳಮುಖದ ಯಾವ ಗುರುತೂ ಉಳಿಯುವುದಿಲ್ಲ, ಹೊಸ ಪದರದ ಕೆಳಗೆ ಹೂತುಹೋಗುತ್ತದೆ. ಒಸಡಿಗೆ ತಾಗುವ ಮುಖಕ್ಕಿಂತ ನಾಲಿಗೆಯ ಕಡೆಯ ಹೊಳಪಿನ ಮುಖವೇ ಗುರುತಿಗೆ ಒಳ್ಳೆಯದೆನ್ನಲು ಇದೊಂದೇ ಕಾರಣ ಸಾಕು.

ಕಾಗದದ ಚೀಟಿ: ಅಗ್ಗ, ಆದರೆ ಶಾಯಿ ನೋಡಿ ಆರಿಸಿ

ತೆಳು ಕಾಗದದ ಚೀಟಿಯಲ್ಲಿ ಬರೆದು ಪಾರದರ್ಶಕ ಅಕ್ರಿಲಿಕ್ಕಿನೊಳಗೆ ಮುಚ್ಚಿಬಿಡುವುದು ಶಿಬಿರಗಳಿಗೆ ಹೊಂದುವ ವಿಧಾನ. ಅಕ್ರಿಲಿಕ್ ಪುಡಿಯನ್ನು ಕಲಸುವ ಮೊನೊಮರ್ ಎಂಬ ದ್ರವ ತಾಗಿದ ಕೂಡಲೇ ಕಾಗದ ಪಾರದರ್ಶಕವಾಗಿ ಅಕ್ಷರ ಮಾತ್ರ ಎದ್ದು ಕಾಣುತ್ತದೆ, ಆದ್ದರಿಂದ ಟಿಶ್ಯೂ ಅಥವಾ ಟ್ರೇಸಿಂಗ್ ಕಾಗದ ಚೆನ್ನ. ಕೆಡುವುದು ಶಾಯಿಯಿಂದ. ಬಾಲ್‌ಪೆನ್ನು, ಸ್ಕೆಚ್ ಪೆನ್ನು ಮೊನೊಮರಿನಲ್ಲಿ ಹರಡುತ್ತವೆ. ಲೇಸರ್ ಪ್ರಿಂಟ್ ಗಟ್ಟಿಯೆಂದು ತೋರಿದರೂ ಟೋನರಿನ ಅಂಟು ಪ್ಲಾಸ್ಟಿಕ್ಕೇ ಆದ್ದರಿಂದ ಅದೂ ಮೆತ್ತಗಾಗಿ ಜರುಗಬಹುದು. ಪೆನ್ಸಿಲಿನ ಗ್ರಾಫೈಟ್ ಮತ್ತು ಚೆನ್ನಾಗಿ ಒಣಗಿದ ಇಂಡಿಯನ್ ಇಂಕ್ ಎರಡೂ ಇಂಗಾಲವಾದ್ದರಿಂದ ಮೊನೊಮರಿನಲ್ಲಿ ಕರಗುವುದಿಲ್ಲ. ಇಷ್ಟು ದುಬಾರಿ ಕೆಲಸದಲ್ಲಿ ಕೊನೆಗೆ ಗೆಲ್ಲುವುದು ಮಕ್ಕಳ ಪೆನ್ಸಿಲು ಎಂದರೆ ನಂಬಲು ಸ್ವಲ್ಪ ಕಷ್ಟವೇ.

ನೀರಿನಲ್ಲಿ, ಉಪ್ಪಿನಲ್ಲಿ, ದಿನನಿತ್ಯದ ಬಳಕೆಯಲ್ಲಿ ಈ ಚೀಟಿ ವರ್ಷಗಟ್ಟಲೆ ಉಳಿಯುತ್ತದೆ. ಅಕ್ರಿಲಿಕ್ ಸುಟ್ಟರೆ ಚೀಟಿಯೂ ಸುಟ್ಟಿತು.

ಸ್ಟೀಲ್ ಪಟ್ಟಿ: ಹೆಚ್ಚಿನವರಿಗೆ ಇದೇ

ಅಕ್ರಿಲಿಕ್ 100 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಮೆತ್ತಗಾಗುತ್ತದೆ, 300ರಿಂದ 400 ಡಿಗ್ರಿಯಲ್ಲಿ ಒಡೆದು ಸುಟ್ಟುಹೋಗುತ್ತದೆ. ಬೆಂಕಿ ಹೊತ್ತಿ ಉರಿಯುವ ಕೋಣೆಯ ಶಾಖ 600 ಡಿಗ್ರಿಗಿಂತ ಎಷ್ಟೋ ಮೇಲಕ್ಕೆ ಏರಬಲ್ಲದು. ಸ್ಟೇನ್‌ಲೆಸ್ ಸ್ಟೀಲ್ ಕರಗಲು ಸುಮಾರು 1400 ಡಿಗ್ರಿ ಬೇಕು, ಟೈಟೇನಿಯಮ್ಮಿಗೆ 1668. ಬಾಯಿ ಮುಚ್ಚಿದ್ದರೆ ತುಟಿ, ಕೆನ್ನೆ, ನಾಲಿಗೆ ಸ್ವಲ್ಪ ಹೊತ್ತು ತಡೆಯಾಗುವುದರಿಂದ ಸೆಟ್ಟಿನ ಹಿಂಭಾಗ ಮುಂಭಾಗಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಹಿಂಭಾಗದಲ್ಲಿ, ಕೊರೆದ ಅಕ್ಷರದ ಸ್ಟೀಲ್ ಪಟ್ಟಿ ಇಡಬೇಕೆನ್ನುವುದು ಈ ಲೆಕ್ಕದಿಂದ. ಶಾಯಿಯಲ್ಲಿ ಬರೆದ ಸ್ಟೀಲ್ ಪಟ್ಟಿಗೂ ಕಾಗದಕ್ಕೂ ಬೆಂಕಿಯಲ್ಲಿ ವ್ಯತ್ಯಾಸವಿಲ್ಲ. ಅಕ್ಷರ ಲೋಹದಲ್ಲೇ ತಗ್ಗಾಗಿ ಮೂಡಿರಬೇಕು.

ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಬರೀ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಸೆಟ್ಟಿನ ತುಂಡು ಗಂಟಲಿಗೋ ಶ್ವಾಸನಾಳಕ್ಕೋ ಹೋದರೆ ಹುಡುಕುವುದು ಕಷ್ಟ. ಆ ತುಂಡಿನಲ್ಲಿ ಸ್ಟೀಲ್ ಪಟ್ಟಿ ಇದ್ದರೆ ಅದು ಬೆಳ್ಳಗೆ ಎದ್ದು ತೋರುತ್ತದೆ.

ಪಟ್ಟಿಗೆ ಎರಡು ಮೂಲ. ಹಲ್ಲು ತುಂಬುವಾಗ ಬಳಸುವ ಮ್ಯಾಟ್ರಿಕ್ಸ್ ಬ್ಯಾಂಡ್ 0.04ರಿಂದ 0.05 ಮಿ.ಮೀ. ದಪ್ಪ, ಬರೆಯುವಾಗ ಸುಲಭವಾಗಿ ಸುಕ್ಕಾಗುತ್ತದೆ, ಆದರೂ ನಡೆಯುತ್ತದೆ. ಹಲ್ಲು ನೇರ ಮಾಡುವವರು ಬಳಸುವ ಆರ್ಥೊಡಾಂಟಿಕ್ ಬ್ಯಾಂಡಿನ ಪಟ್ಟಿ ಅದರ ಎರಡು ಮೂರು ಪಾಲು ದಪ್ಪ, ಅದೇ ಉತ್ತಮ. ಒಂದು ಸೆಟ್ಟಿಗೆ ಬೇಕಾಗುವ ತುಂಡಿನ ಬೆಲೆ ಒಂದು ಚಹಾದ ದುಡ್ಡಿಗೂ ಬಾರದು. ಹಿಂದೆ ಎಕ್ಸ್‌ರೇ ಫಿಲ್ಮಿನ ಪೊಟ್ಟಣದಲ್ಲಿ ಬರುತ್ತಿದ್ದ ಸೀಸದ ಹಾಳೆಯನ್ನೂ ಇದಕ್ಕೆ ಬಳಸಿದ್ದುಂಟು. ಸೀಸ ವಿಷ, ಕರಗುವುದೂ 327 ಡಿಗ್ರಿಗೆ. ಯಾರಾದರೂ ಸೂಚಿಸಿದರೂ ಬೇಡ ಅನ್ನಿ.

ಹತ್ತು ಅಕ್ಷರವನ್ನು ಐದೈದರಂತೆ ಎರಡು ಸಾಲಿನಲ್ಲಿ ಬರೆದರೆ 12 ಮಿ.ಮೀ. ಉದ್ದ, 5 ಮಿ.ಮೀ. ಅಗಲದ ಪಟ್ಟಿ ಸಾಕು. ಅಕ್ಷರದ ಎತ್ತರ 1.5 ಮಿ.ಮೀ.ಗಿಂತ ಕಡಿಮೆಯಾದರೆ ಭೂತಗನ್ನಡಿಯಿಲ್ಲದೆ ಓದಲಾಗದು. ಗಟ್ಟಿ ಮರದ ಮೇಲಿಟ್ಟು ಸ್ಕ್ರೈಬರಿನಿಂದ ಒತ್ತಿ ಗೀರಬಹುದು, ಅಥವಾ ಸಣ್ಣ ರೌಂಡ್ ಬರ್ ಹಾಕಿ ಮೈಕ್ರೋಮೋಟರನ್ನು ನಿಧಾನಕ್ಕೆ ಓಡಿಸಬಹುದು. ನಾಲ್ಕು ಮೂಲೆಗಳನ್ನೂ ಉರುಟು ಮಾಡಬೇಕು. ಚೂಪಾದ ಮೂಲೆ ಇದ್ದಲ್ಲಿಂದಲೇ ಅಕ್ರಿಲಿಕ್ಕಿನಲ್ಲಿ ಬಿರುಕು ಹೊರಡುತ್ತದೆ. ಸ್ಟೀಲಿಗೂ ಅಕ್ರಿಲಿಕ್ಕಿಗೂ ತಾನಾಗಿ ಅಂಟಿಲ್ಲ, ಹಾಗಾಗಿ ಪಟ್ಟಿಯ ಎರಡೂ ಮುಖಗಳನ್ನು ಎಮರಿಯಿಂದ ಒರಟಾಗಿಸಿ, ತುದಿಗಳಲ್ಲಿ 1 ಮಿ.ಮೀ.ನ ಒಂದೊಂದು ತೂತು ಕೊರೆದು, ಸ್ಪಿರಿಟ್ಟಿನಿಂದ ಒರೆಸಿದ ಮೇಲೆ ಬೆರಳಿನಿಂದ ಮುಟ್ಟದೆ ಇಕ್ಕಳದಲ್ಲೇ ಹಿಡಿಯಬೇಕು. ಆ ತೂತಿನ ಮೂಲಕ ಅಕ್ರಿಲಿಕ್ ಹಾದು ಪಟ್ಟಿಯನ್ನು ಮೊಳೆಯ ಹಾಗೆ ಹಿಡಿದಿಡುತ್ತದೆ.

ಜಾಗ ಎಲ್ಲಿ? ಮೇಲಿನ ಸೆಟ್ಟಿನಲ್ಲಿ ದವಡೆ ಹಲ್ಲಿನಿಂದ ಅಂಗುಳಿನ ಕಡೆ ಇಳಿಯುವ ಇಳಿಜಾರು. ಕೆಳಗಿನದರಲ್ಲಿ ನಾಲಿಗೆಯ ಕಡೆಯ ಫ್ಲ್ಯಾಂಜಿನ (ಕೆಳಗಿಳಿದ ಅಂಚಿನ) ಹಿಂಭಾಗ. ಅಂಗುಳಿನ ನಡುಗೆರೆಯಲ್ಲಿ ಬೇಡ, ಮೇಲಿನ ಸೆಟ್ಟು ಸಾಮಾನ್ಯವಾಗಿ ಸೀಳುವುದು ಅಲ್ಲೇ. ಗುಂಡಿ ತೋಡುವ ಮೊದಲು ಕ್ಯಾಲಿಪರಿನಲ್ಲಿ ದಪ್ಪ ಅಳೆಯಿರಿ. 2.5 ಮಿ.ಮೀ. ಇಲ್ಲದಿದ್ದರೆ ಆ ಜಾಗ ಬಿಟ್ಟುಬಿಡಿ. ಗುಂಡಿ 1 ಮಿ.ಮೀ. ಆಳವಿದ್ದು, ಪಟ್ಟಿಗಿಂತ ಸುತ್ತಲೂ 1 ಮಿ.ಮೀ. ದೊಡ್ಡದಿರಲಿ. ಅಂಚನ್ನು ಓರೆಯಾಗಿ ಸವರಿದರೆ ಹೊಸ ಅಕ್ರಿಲಿಕ್ ಚೆನ್ನಾಗಿ ಕೂಡುತ್ತದೆ, ಗೆರೆಯೂ ಕಾಣದು.

ಗುಂಡಿಯನ್ನು ಮೊನೊಮರಿನಿಂದ ಎರಡು ಮೂರು ನಿಮಿಷ ಒದ್ದೆಯಾಗಿಡುವುದು ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ. ಹಳೆಯ ಅಕ್ರಿಲಿಕ್ಕಿನ ಮೇಲ್ಪದರ ಮೆದುವಾದರೆ ಮಾತ್ರ ಹೊಸದು ಅದರೊಂದಿಗೆ ಬೆಸೆಯುತ್ತದೆ. ಆಮೇಲೆ ಕಾಯಿಸದೆಯೇ ಗಟ್ಟಿಯಾಗುವ ಪಾರದರ್ಶಕ ಅಕ್ರಿಲಿಕ್ ಪುಡಿ (ಕೋಲ್ಡ್ ಕ್ಯೂರ್ ಪೌಡರ್) ಉದುರಿಸಿ, ಮೊನೊಮರ್ ತೊಟ್ಟಿಕ್ಕಿ, ತೆಳು ಹಾಸು ಮಾಡಿ, ಅದರ ಮೇಲೆ ಪಟ್ಟಿ ಇಟ್ಟು, ಮತ್ತೆ ಅದೇ ರೀತಿ ತುಂಬಿ, ಸುತ್ತಲಿನ ಮಟ್ಟಕ್ಕಿಂತ ಅರ್ಧ ಮಿ.ಮೀ. ಎತ್ತರಕ್ಕೆ ಬಿಡಬೇಕು. ಪ್ರೆಷರ್ ಪಾಟ್ ಇದ್ದರೆ 40ರಿಂದ 45 ಡಿಗ್ರಿಯ ನೀರಿನಲ್ಲಿ 2 ಬಾರ್ ಒತ್ತಡಕ್ಕೆ 15 ನಿಮಿಷ. ಇಲ್ಲದಿದ್ದರೆ ಉಗುರುಬೆಚ್ಚಗಿನ ನೀರು. ಬೇಗ ಮುಗಿಸಲೆಂದು ಬಿಸಿನೀರಿಗೆ ಹಾಕಿದರೆ ಮೊನೊಮರ್ ಆವಿಯಾಗಿ ಒಳಗೆಲ್ಲ ಗುಳ್ಳೆ, ಅಕ್ಷರದ ಮೇಲೆ ಬಿಳಿ ಮಬ್ಬು. ಪ್ಯೂಮಿಸ್ ಎಂಬ ಉಜ್ಜುವ ಪುಡಿಯಲ್ಲಿ ನಯಗೊಳಿಸಿದ ಮೇಲೆ ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಕೊಡುವುದು ಕ್ರಮ. ಉಳಿದ ಮೊನೊಮರ್ ಹೊರಬರದಿದ್ದರೆ ಕೆಲವರ ಬಾಯಿ ಉರಿಯುತ್ತದೆ.

ಹೊಸ ಸೆಟ್ಟಿಗೆ ಪ್ಯಾಕಿಂಗ್ ಸಮಯದಲ್ಲೇ, ಅಚ್ಚನ್ನು ಒಮ್ಮೆ ಮುಚ್ಚಿ ಒತ್ತಿ ನೋಡುವ ಟ್ರಯಲ್ ಕ್ಲೋಷರ್ ಆದ ಮೇಲೆ, ಪಟ್ಟಿ ಇಟ್ಟರೆ ಬೆಸುಗೆ ಇನ್ನೂ ಗಟ್ಟಿ ಎನ್ನುವುದು ನಿಜ. ಆದರೆ ಪ್ರೆಸ್ಸಿನ ಒತ್ತಡಕ್ಕೆ ಪಟ್ಟಿ ಜರುಗುತ್ತದೆ, ಮೇಲಿನ ಪಾರದರ್ಶಕ ಪದರವನ್ನು ಗುಲಾಬಿ ಅಕ್ರಿಲಿಕ್ ತಳ್ಳಿ ಅಕ್ಷರ ಮುಚ್ಚಿಬಿಡುತ್ತದೆ. ತೆರೆದು ನೋಡಿದ ಮೇಲೆ ಸರಿಪಡಿಸಲು ದಾರಿಯಿಲ್ಲ. ಕೈ ಪಳಗಿದ ಲ್ಯಾಬ್ ಅಲ್ಲದಿದ್ದರೆ ಕ್ಯೂರಿಂಗ್ (ಅಕ್ರಿಲಿಕ್ ಗಟ್ಟಿಯಾಗುವುದು) ಮುಗಿದ ಮೇಲೆ ಗುಂಡಿ ತೋಡುವ ದಾರಿಯೇ ಕ್ಷೇಮ.

ಎಂಆರ್‌ಐ ಮಾಡಿಸುವಾಗ ಸೆಟ್ಟು ಹೇಗೂ ತೆಗೆದಿಡಬೇಕು. ಪಟ್ಟಿ ಇದೆ ಎಂಬ ಕಾರಣಕ್ಕೆ ಮರೆಯದೆ ತೆಗೆಯಿರಿ.

ಕ್ಯೂಆರ್ ಕೋಡ್ ಮತ್ತು ಚಿಪ್

ಕ್ಯೂಆರ್ ಎಂದರೆ ಎಲ್ಲರಿಗೂ ಈಗ ಮೀನಿನ ಮಾರ್ಕೆಟ್ಟಿನಲ್ಲೂ ಪರಿಚಯ, ಹಾಗಾಗಿ ಮೊದಲು ಕೇಳುವುದೂ ಅದನ್ನೇ. ಲೆಕ್ಕ ಹಾಕಿ ನೋಡೋಣ. ಅತಿ ಸಣ್ಣ ಕ್ಯೂಆರ್‌ನಲ್ಲಿ 21 ಸಾಲು, 21 ಕಂಬ. ಸುತ್ತ ನಾಲ್ಕು ಚೌಕದಷ್ಟು ಖಾಲಿ ಅಂಚು ಬೇಕಾದ್ದರಿಂದ ಒಟ್ಟು 29. ಸೆಟ್ಟಿನಲ್ಲಿ 10 ಮಿ.ಮೀ. ಜಾಗ ಸಿಕ್ಕಿದರೂ ಒಂದೊಂದು ಚೌಕ 0.34 ಮಿ.ಮೀ. ಮಾತ್ರ. ಒಳ್ಳೆಯ ಕ್ಯಾಮೆರಾ ಓದೀತು, ಸೆಟ್ಟಿನ ಬಾಗಿದ ಮೈಯಲ್ಲಿ, ಮೇಲಿನ ಅಕ್ರಿಲಿಕ್ಕಿನ ಹೊಳಪಿನಲ್ಲಿ ಓದದೆಯೂ ಇದ್ದೀತು. ತಪ್ಪು ತಿದ್ದಿಕೊಳ್ಳುವ ಶಕ್ತಿಯನ್ನು ಗರಿಷ್ಠಕ್ಕಿಟ್ಟರೆ ಈ ಗಾತ್ರದಲ್ಲಿ ಹಿಡಿಯುವುದು ಇಂಗ್ಲಿಷಿನ ಹತ್ತು ದೊಡ್ಡಕ್ಷರ ಅಥವಾ ಅಂಕಿ. ಆ ಹತ್ತನ್ನು ನೇರವಾಗಿಯೇ ಬರೆದರೆ ಮೊಬೈಲೇ ಬೇಡವಲ್ಲ! ಜಾಲತಾಣದ ವಿಳಾಸ ತುಂಬಿಸಿದ ಕ್ಯೂಆರ್ ಇನ್ನೂ ಅಪಾಯ: ಸೆಟ್ಟು ಹತ್ತು ವರ್ಷ ಬಾಳಿದರೂ ಆ ತಾಣ ಅಷ್ಟು ಬಾಳಬೇಕಲ್ಲ.

ಸಾಕುಪ್ರಾಣಿಗಳಿಗೆ ಹಾಕುವಂಥ ಚಿಪ್ ಸುಮಾರು 2 ಮಿ.ಮೀ. ದಪ್ಪ, 12 ಮಿ.ಮೀ. ಉದ್ದದ ಗಾಜಿನ ಕೊಳವೆ. 15 ಅಂಕಿಯ ಸಂಖ್ಯೆ ಅದರೊಳಗೆ. ಹೊರಗೆ ಏನೂ ಕಾಣದು, ಅಂದಕ್ಕೆ ಕುಂದಿಲ್ಲ. ಆದರೆ 2 ಮಿ.ಮೀ. ಕೊಳವೆ ಮುಚ್ಚಲು ಸೆಟ್ಟಿನಲ್ಲಿ 3 ಮಿ.ಮೀ.ಗೂ ಹೆಚ್ಚು ದಪ್ಪ ಬೇಕು. ಓದಲು 134.2 ಕಿಲೋಹರ್ಟ್ಸ್‌ನ ರೀಡರ್ ಬೇಕು, ಅದು ಪಶುವೈದ್ಯರಲ್ಲಿ ಸಿಕ್ಕೀತೇ ಹೊರತು ಠಾಣೆಯಲ್ಲಿ ಅಲ್ಲ. ಚಿಪ್ ಇದೆ ಎಂದು ಹೊರಗಿನಿಂದ ತಿಳಿಯದಿದ್ದರೆ ಹುಡುಕಲು ಹೋಗುವವರಾದರೂ ಯಾರು? ಮೊಬೈಲ್ ಓದುವ ಎನ್‌ಎಫ್‌ಸಿ ಟ್ಯಾಗ್ ತೆಳ್ಳಗಿರುತ್ತದೆ, ಲೋಹದ ತಳದ ಪಕ್ಕ ಇಟ್ಟರೆ ಸಂಕೇತ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆ ತನ್ನದೇ ರೀಡರ್, ತನ್ನದೇ ದಾಖಲೆ ಇಟ್ಟುಕೊಂಡಿದ್ದರೆ ಇದಕ್ಕೆ ಅರ್ಥವಿದೆ. ಬದಿಯಡ್ಕದ ಒಂದು ಕ್ಲಿನಿಕ್ಕಿಗೆ ಇಲ್ಲ.

ಅಕ್ರಿಲಿಕ್ ಅಲ್ಲದ ಹಲ್ಲುಗಳು

ಬಾಗುವ ನೈಲಾನ್ ಸೆಟ್ಟಿಗೆ ಗುರುತು ಹಾಕುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೆ ಅಕ್ರಿಲಿಕ್ ಅಂಟುವುದೇ ಇಲ್ಲ, ಪಟ್ಟಿಯ ವಿಧಾನ ಕೆಲಸಕ್ಕೆ ಬಾರದು. ಬರ್ ಹಾಕಿದರೆ ನಾರು ಎದ್ದು ಬರುತ್ತದೆ. ಮಾಡೆಲ್ಲಿನ ಮೇಲೆ ಗೀರಿ ಉಬ್ಬಕ್ಷರ ಮೂಡಿಸುವುದೊಂದೇ ಉಳಿದ ದಾರಿ. ಆರ್ಡರ್ ಕೊಡುವಾಗಲೇ ಲ್ಯಾಬಿಗೆ ಹೇಳಬೇಕು.

ಕೋಬಾಲ್ಟ್-ಕ್ರೋಮಿಯಂ ಲೋಹದ ತಳ ಇರುವ ಭಾಗಶಃ ಸೆಟ್ಟಿಗೆ ಪಟ್ಟಿ ಬೇಕಿಲ್ಲ, ಲೋಹದ ಮೇಲೇ ಲೇಸರಿನಿಂದಲೋ ಬರ್‌ನಿಂದಲೋ ಬರೆಯಬಹುದು. ಹಲ್ಲನ್ನು ಹಿಡಿಯುವ ಕೊಕ್ಕೆಯ ಮೇಲೆ ಮಾತ್ರ ಬರೆಯಬೇಡಿ. ದಿನಕ್ಕೆ ಹತ್ತು ಸಲ ಬಾಗುವ ಭಾಗ ಅದು, ಗೀರಿದಲ್ಲೇ ತುಂಡಾಗುತ್ತದೆ. ಪಿಂಗಾಣಿ ಕ್ರೌನಿಗೆ ಗ್ಲೇಜ್ ಆದ ಮೇಲೆ ಕೊರೆದರೆ ಸೂಕ್ಷ್ಮ ಬಿರುಕು ಬೀಳುತ್ತದೆ. ಕೊನೆಯ ಗ್ಲೇಜಿಗೆ ಮೊದಲು ಪಿಂಗಾಣಿ ಬಣ್ಣದಲ್ಲಿ ನಾಲಿಗೆಯ ಕಡೆ ಎರಡು ಮೂರು ಅಕ್ಷರ ಬರೆದು ಕುಲುಮೆಗೆ ಹಾಕಬಹುದು. ಇಂಪ್ಲಾಂಟ್ ಹಾಕಿಸಿದವರು ಕಂಪನಿ, ವ್ಯಾಸ, ಉದ್ದ, ಲಾಟ್ ಸಂಖ್ಯೆ ಇರುವ ಸ್ಟಿಕ್ಕರನ್ನು ಕೇಳಿ ಪಡೆದು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.

ಏನು ಬರೆಯಬೇಕು

ಹೆಸರು ಮಾತ್ರ ಬರೆದರೆ ಸಾಲದು. ಒಂದು ಪಂಚಾಯತಿನಲ್ಲಿ ಎಷ್ಟು ನಾರಾಯಣ ಭಟ್ಟರು, ಎಷ್ಟು ಅಬ್ದುಲ್ಲಂದಿರು, ಎಷ್ಟು ಐತ್ತಪ್ಪ! ಅದೂ ಅಲ್ಲದೆ ನಮ್ಮಲ್ಲಿ ಒಂದೇ ಹೆಸರು ಶಾಲೆಯ ದಾಖಲೆಯಲ್ಲಿ ಕನ್ನಡದಲ್ಲಿ ಒಂದು ಬಗೆ, ರೇಷನ್ ಕಾರ್ಡಿನ ಮಲಯಾಳದಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನ ಇಂಗ್ಲಿಷಿನಲ್ಲಿ ಮತ್ತೊಂದು ಬಗೆ. ಯಾವ ಲಿಪಿಯಲ್ಲಿ ಬರೆಯಬೇಕೆಂಬ ಪ್ರಶ್ನೆ ಈ ಜಿಲ್ಲೆಯಲ್ಲಿ ಸಣ್ಣದಲ್ಲ, ಆದರೆ ಇಲ್ಲಿ ಭಾಷಾಭಿಮಾನ ಬದಿಗಿರಲಿ. ಸೆಟ್ಟು ರಾಜ್ಯದ ಗಡಿಯಾದ ತಲಪಾಡಿಯ ಆಚೆ ಸಿಕ್ಕಿದರೂ ಈಚೆ ಸಿಕ್ಕಿದರೂ, ಗಲ್ಫಿನಲ್ಲಿ ಸಿಕ್ಕಿದರೂ ಓದಲಾಗುವುದು ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿ. 1.5 ಮಿ.ಮೀ. ಎತ್ತರದಲ್ಲಿ ಒತ್ತಕ್ಷರ ಕೊರೆಯುವುದೂ ಆಗದ ಮಾತು.

ಸಂಖ್ಯೆಗಳಲ್ಲಿ ಯಾವುದು? ಪಾಸ್‌ಪೋರ್ಟ್ ನವೀಕರಿಸಿದಾಗಲೆಲ್ಲ ಸಂಖ್ಯೆ ಬದಲಾಗುತ್ತದೆ. ಆಧಾರ್ ಸಂಖ್ಯೆ ಕಂಡಕಂಡಲ್ಲಿ ತೋರಿಸುವಂಥದ್ದಲ್ಲ. ಸೆಟ್ಟು ಕಳೆದುಹೋದರೆ ಅದೂ ಬೇರೆಯವರ ಕೈಗೆ ಸಿಕ್ಕಿದಂತೆ. ಮತದಾರರ ಗುರುತು ಚೀಟಿಯ ಸಂಖ್ಯೆ ಚೆನ್ನಾಗಿ ಹೊಂದುತ್ತದೆ: ಮೂರು ಅಕ್ಷರ, ಏಳು ಅಂಕಿ, ಒಟ್ಟು ಹತ್ತು. ಮೊದಲ ಮೂರು ಅಕ್ಷರವೇ, ಉಳಿದದ್ದು ಅಂಕಿಯೇ ಆದ್ದರಿಂದ ಓ ಮತ್ತು ಸೊನ್ನೆ, ಐ ಮತ್ತು ಒಂದು ಗೊಂದಲವಾಗುವುದಿಲ್ಲ. ಚುನಾವಣಾ ಆಯೋಗದ ಮತದಾರರ ತಾಣದಲ್ಲಿ ಆ ಸಂಖ್ಯೆಯಿಂದ ಹುಡುಕಲೂ ಬರುತ್ತದೆ.

ನೆನಪಿನ ಕಾಯಿಲೆ ಇರುವವರಿಗೆ ಲೆಕ್ಕ ಬೇರೆ. ದಾರಿ ತಪ್ಪಿ ಆಸ್ಪತ್ರೆ ಸೇರಿದವರ ಸೆಟ್ಟಿನಲ್ಲಿ ಮನೆಯ ಫೋನ್ ನಂಬರ್ ಇದ್ದರೆ ಅರ್ಧ ಗಂಟೆಯಲ್ಲಿ ಮಕ್ಕಳಿಗೆ ಕರೆ ಹೋಗುತ್ತದೆ. ಹತ್ತು ವರ್ಷದಿಂದ ಬದಲಾಗದ ನಂಬರ್ ಯಾರ ಕೈಯಲ್ಲಿದೆಯೋ ಅವರದ್ದು ಬರೆಯಿಸಿ. ಆಶ್ರಮದೊಳಗಿನ ಅದಲುಬದಲಿಗೆ ಮಾತ್ರವಾದರೆ ಹೆಸರಿನ ಮೊದಲಕ್ಷರ ಮತ್ತು ಕೋಣೆಯ ನಂಬರಿಗಿಂತ ಹೆಸರಿನ ಮೊದಲಕ್ಷರ ಮತ್ತು ಹುಟ್ಟಿದ ವರ್ಷ ಮೇಲು, ಕೋಣೆ ಬದಲಾಗುತ್ತಿರುತ್ತದೆ.

ಮೇಲಿನ ಸೆಟ್ಟಿಗೂ ಕೆಳಗಿನದಕ್ಕೂ ಬೇರೆಬೇರೆಯಾಗಿ ಗುರುತು ಹಾಕಬೇಕು. ನೀರಿನಲ್ಲಿ ತೀರಿಕೊಂಡವರಲ್ಲಿ ಬಾಯಿಯ ಸ್ನಾಯು ಸಡಿಲವಾದಾಗ ಪೂರ್ತಿ ಸೆಟ್ಟು ಜಾರಿ ಬೀಳಬಹುದು, ಅದರಲ್ಲೂ ಕೆಳಗಿನದು. ಅಕ್ರಿಲಿಕ್ ಉಪ್ಪುನೀರಿಗಿಂತ ಭಾರ, ತೇಲದೆ ತಳ ಸೇರುತ್ತದೆ. ಕೊಕ್ಕೆ ಇರುವ ಭಾಗಶಃ ಸೆಟ್ಟು ಹಾಗೆ ಸುಲಭವಾಗಿ ಕಳಚುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಹೊಸದಾಗಿ ಅಕ್ರಿಲಿಕ್ ಸೆಟ್ಟು ಮಾಡಿಸುವವರು, ಕಡಲಿಗೆ ಹೋಗುವವರು, ಆಗಾಗ ದೂರ ಪ್ರಯಾಣ ಮಾಡುವವರು ಸ್ಟೀಲ್ ಪಟ್ಟಿ ಹಾಕಿಸಲಿ, ಎರಡು ಮಾತಿಲ್ಲ. ಉಚಿತ ಶಿಬಿರದಲ್ಲಿ ಒಂದೇ ವಾರದಲ್ಲಿ ಐವತ್ತು ಸೆಟ್ಟು ಮುಗಿಸಬೇಕಾದಾಗ ಪೆನ್ಸಿಲಿನಲ್ಲಿ ಬರೆದ ಕಾಗದದ ಚೀಟಿಯಾದರೂ ಇರಲಿ. ಅಳತೆ ತೆಗೆದ ದಿನವೇ ಚೀಟಿ ಬರೆದು ಮಾಡೆಲ್ಲಿಗೆ ಕಟ್ಟಿದರೆ ಲ್ಯಾಬಿನೊಳಗಿನ ಅದಲುಬದಲೂ ತಪ್ಪುತ್ತದೆ. ಈಗಿರುವ ಹಳೆಯ ಸೆಟ್ಟು ತೆಳ್ಳಗಿದ್ದರೆ, ಒಮ್ಮೆ ಮುರಿದು ಜೋಡಿಸಿದ್ದರೆ, ಗುಂಡಿ ತೋಡುವ ಸಾಹಸ ಬೇಡ. ಪೆನ್ನು, ಮೇಲ್ಲೇಪ ಸಾಕು.

ಗುರುತಿನ ಮಾತೆತ್ತಿದಾಗ ಕೆಲವು ಹಿರಿಯರು ಮುಖ ಸಣ್ಣದು ಮಾಡುವುದುಂಟು. “ಈಗಲೇ ನನ್ನ ಹೆಣ ಗುರುತಿಸುವ ಏರ್ಪಾಡಾ?” ಎಂದು ಕೇಳಿಯೇಬಿಡುತ್ತಾರೆ. “ಅಜ್ಜ, ಆಸ್ಪತ್ರೆಯಲ್ಲಿ ನಿಮ್ಮ ಹಲ್ಲು ಬೇರೆಯವರ ಬಾಯಿಗೆ ಹೋಗಬಾರದಲ್ಲ” ಎಂದರೆ ಒಪ್ಪುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಏನು ಬರೆಯುತ್ತೇವೆಂದು ತೋರಿಸದೆ, ಒಪ್ಪಿಗೆ ಕೇಳದೆ ಹಾಕಬಾರದು.

ಕ್ಲಿನಿಕ್ಕಿನಲ್ಲಿ ಒಂದು ನೋಟುಪುಸ್ತಕವಿರಲಿ: ಬರೆದ ಸಂಖ್ಯೆ, ಹೆಸರು, ಮನೆಯ ಹೆಸರು, ಸಂಪರ್ಕದ ನಂಬರ್, ಯಾವ ಸೆಟ್ಟಿನ ಯಾವ ಬದಿಯಲ್ಲಿ ಹಾಕಿದೆ, ತಾರೀಕು. ರೋಗಿಯ ಚೀಟಿಯಲ್ಲೂ ಅದೇ ಸಾಲು ಬರೆದುಕೊಡಿ. ಸೆಟ್ಟು ಕೊಡುವ ಮೊದಲು ಟೆಕ್ನಿಷಿಯನ್ ಅಲ್ಲದ ಇನ್ನೊಬ್ಬರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ, ನೋಟುಪುಸ್ತಕದ ಜೊತೆ ತಾಳೆ ನೋಡಿ. ಬರೆದವರ ಕಣ್ಣಿಗೆ ಅಂಕಿ ತಪ್ಪಿದ್ದು ಕಾಣುವುದಿಲ್ಲ. ಮುಂದೆ ಹೊಸ ಸೆಟ್ಟು ಬಂದಾಗ ಹಳೆಯದನ್ನು ಕಪಾಟಿನಲ್ಲಿ ಎತ್ತಿಟ್ಟುಕೊಳ್ಳುವವರೇ ಹೆಚ್ಚು, ಎತ್ತಿಡಲಿ. ಬಿಸಾಡುವುದಾದರೆ, ಬೇರೆಯವರಿಗೆ ಕೊಡುವುದಾದರೆ ಮಾತ್ರ ಮೊದಲು ಆ ಪಟ್ಟಿಯನ್ನು ಬರ್ ಹಾಕಿ ತೆಗೆಸಿ.